ಕಳಚಿ ಜೋಡಿಸಿದ ಮನೆಗಳು

ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ತಲೆ ಎತ್ತಿ ನೋಡಿದರೆ ಕಾಣುವ ಭಾರಿ ತೊಲೆಗಳು ನೀಲಗಿರಿಯವಲ್ಲ, ಶ್ರೀರಂಗಪಟ್ಟಣದವು. ಒಂದು ಕಾಲಕ್ಕೆ ಟಿಪ್ಪು ಸುಲ್ತಾನನ ಲಾಲ್ ಮಹಲ್ ಅರಮನೆಯನ್ನು ಹೊತ್ತಿದ್ದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ಅರಮನೆ ನೆಲಸಮವಾಯಿತು. 1829ರಲ್ಲಿ ಮದರಾಸಿನ ಗವರ್ನರ್ ಲಷಿಂಗ್ಟನ್ ಊಟಿಯಲ್ಲಿ ಚರ್ಚಿಗೆ ಅಡಿಗಲ್ಲು ಹಾಕಿದಾಗ ಮರಮುಟ್ಟು ತರಿಸಿದ್ದು ಅಲ್ಲಿಂದಲೇ. ಇಂದಿನ ರಸ್ತೆಯಲ್ಲೇ ಅದು ಸುಮಾರು 140 ಕಿಲೋಮೀಟರ್ ದಾರಿ, ಕೊನೆಗೆ ಘಟ್ಟ ಬೇರೆ. 1831ರ ಈಸ್ಟರ್ ಹೊತ್ತಿಗೆ ಸುಲ್ತಾನನ ತೊಲೆಗಳ ಕೆಳಗೆ ಪಾದ್ರಿಗಳ ಪ್ರಾರ್ಥನೆ ಶುರುವಾಗಿತ್ತು.

ಗೆದ್ದವರ ದರ್ಪ ಇದರಲ್ಲಿ ಇಲ್ಲವೆನ್ನಲಾಗದು. ಆದರೆ ಗಾರೆಯ ಕಮಾನನ್ನೋ ಮಣ್ಣಿನ ಗೋಡೆಯನ್ನೋ ಗೆದ್ದವರೂ ಹೀಗೆ ಹೊತ್ತೊಯ್ಯಲಾರರು.

ಮರದ ಕಟ್ಟಡದ ಗುಟ್ಟು ಇರುವುದೇ ಇಲ್ಲಿ. ಹಳೇ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಾಗಲಿ, ಕರಾವಳಿಯ ಚೌಕಿಮನೆಯಲ್ಲಾಗಲಿ, ಹೊರಗೋಡೆ ಮಣ್ಣಿನದಾದರೂ ಒಳ ಅಂಗಳದ ಸುತ್ತಿನ ಭಾರ ಬೀಳುವುದು ಕಂಬಗಳ ಮೇಲೆ. ಕಂಬ ನೆಲದಲ್ಲಿ ಹೂತಿರುವುದಿಲ್ಲ. ಗೆದ್ದಲು, ಪಸೆ ತಾಗದಂತೆ ಕಲ್ಲಿನ ಪೀಠದ ಮೇಲೆ ನಿಂತಿರುತ್ತದೆ. ಅದರ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಒಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕುಳಿಗೆ ಕೂರಿಸಿ, ಬೇಕಾದ ಕಡೆ ಮರದ್ದೇ ಗೂಟ ಹೊಡೆದರೆ ಮುಗಿಯಿತು. ಗೂಟ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಾಡೂ ಹಾಗೆಯೇ ಆಯಿತು: ಹಂಚು ಇಳಿಸಿ, ರೀಪು ಕಿತ್ತು, ಬೇರೆ ಕಡೆ ಹೊದಿಸಬಹುದು.

ಲಾಲ್ ಮಹಲ್ ಹೋದರೂ ಟಿಪ್ಪು ಕಾಲದ ಎರಡು ಮರದ ಮಹಲುಗಳು ನಿಂತಲ್ಲೇ ಉಳಿದವು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದು. ಬೆಂಗಳೂರು ಕೋಟೆಯ ಬೇಸಿಗೆ ಅರಮನೆ ಮುಗಿದದ್ದು 1791ರಲ್ಲಿ. ಎರಡೂ ಉಳಿದದ್ದು ಚೆಲುವಿನಿಂದಲ್ಲ, ಉಪಯೋಗದಿಂದ. ಮೊದಲನೆಯದರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ವೆಲ್ಲೆಸ್ಲಿ ವಾಸವಿದ್ದ. ಎರಡನೆಯದು, ಅಠಾರಾ ಕಚೇರಿಯೆಂಬ ಹೊಸ ಕಟ್ಟಡ ಸಿದ್ಧವಾಗುವವರೆಗೆ ಸರ್ಕಾರದ ಕಚೇರಿಯಾಗಿತ್ತು. ಸಾಗುವಾನಿ ಕಂಬಗಳ ನಡುವೆ ಗುಮಾಸ್ತರು ಕಡತ ಬರೆದರು.

ಮೈಸೂರಿನ ಹಳೇ ಅರಮನೆಗೆ ಆ ಅದೃಷ್ಟವಿರಲಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಬೆಂಕಿ ಬಿದ್ದು ಆ ಮರದ ಅರಮನೆ ಸುಟ್ಟುಹೋಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ಕೆಲಸ ವಹಿಸಿದರು. 1912ರಲ್ಲಿ ಅದು ಪೂರ್ತಿಯಾಯಿತು. ಅಲ್ಲಿ ಮರ ಬಾಗಿಲು, ಮುಚ್ಚಿಗೆಗಳ ಅಲಂಕಾರಕ್ಕೆ ಸರಿಯಿತು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕಗೊಂಡು ಬಂದ ಕಬ್ಬಿಣದವು. ತಮಾಷೆಯೆಂದರೆ, ಬಿಡಿಬಿಡಿಯಾಗಿ ತಂದು ಜೋಡಿಸುವ ಪದ್ಧತಿ ಮಾತ್ರ ಹಳೆಯದೇ.

ಜನಸಾಮಾನ್ಯರ ಮನೆಗಳನ್ನು ಬೆಂಕಿಗಿಂತ ಹೆಚ್ಚು ತಿಂದದ್ದು ಹಿಸ್ಸೆ. ಕೂಡುಕುಟುಂಬ ಒಡೆದು, ಅಣ್ಣತಮ್ಮಂದಿರು ಊರು ಬಿಟ್ಟ ಮೇಲೆ ಎಷ್ಟೋ ತೊಟ್ಟಿಮನೆಗಳ ಕಂಬ, ಬಾಗಿಲುವಾಡಗಳು ಹಳೇ ಸಾಮಾನಿನ ಅಂಗಡಿ ಸೇರಿದವು. ಕೊಚ್ಚಿ, ಕಾರೈಕುಡಿಗಳಲ್ಲಿ ಇದು ದೊಡ್ಡ ವ್ಯಾಪಾರ. ರೆಸಾರ್ಟಿನವರು ಬಿಡಿ ಕಂಬ ಕೊಂಡು ಸಿಮೆಂಟಿನ ತಾರಸಿಯ ಕೆಳಗೆ ನಿಲ್ಲಿಸುತ್ತಾರೆ. ಅದು ಏನನ್ನೂ ಹೊರುವುದಿಲ್ಲ.

ಮಣಿಪಾಲದ ಬ್ಯಾಂಕ್ ನೌಕರ ವಿಜಯನಾಥ ಶೆಣೈ ಬಿಡಿ ಕಂಬಕ್ಕೆ ತೃಪ್ತರಾಗಲಿಲ್ಲ. ಹಳೇ ಮನೆಗಳಿಂದ ತಂದ ಮರಗಳಿಂದ ಮೊದಲು ತಮ್ಮದೇ ಮನೆ ಕಟ್ಟಿಕೊಂಡರು; ಆಮೇಲೆ ಇಡೀ ಮನೆಗಳನ್ನೇ ಕಳಚಿ ತರತೊಡಗಿದರು. ಅವರ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಈಗ ಕುಂಜೂರು ಚೌಕಿಮನೆಯಿದೆ, ಮಿಯಾರಿನ ಮನೆಯಿದೆ, ಮುಧೋಳದ ದರ್ಬಾರು ಹಜಾರವಿದೆ, ಕುಕನೂರಿನ ಕಮಲ ಮಹಲಿದೆ. 2017ರಲ್ಲಿ ಶೆಣೈ ತೀರಿಕೊಂಡರು.

ಕಳಚಿದ್ದನ್ನು ಜೋಡಿಸುವುದು ಬಡಗಿಗೆ ಗೊತ್ತಿದ್ದ ಕೆಲಸ. ಹವೆಯನ್ನು ಮಾತ್ರ ಜೊತೆಗೆ ತರಲಾಗುವುದಿಲ್ಲ. ಕುಂಜೂರಿನ ಮನೆಗೆ ಉಡುಪಿಯ ಮಳೆ ಹುಟ್ಟಿನಿಂದ ಪರಿಚಿತ. ಮುಧೋಳ, ಕುಕನೂರುಗಳ ಮರಕ್ಕೆ ಅದು ಹೊಸತು. ಒಣಹವೆಯಲ್ಲಿ ತಲೆಮಾರುಗಳ ಕಾಲ ಇದ್ದ ತೊಲೆಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ, ಬೂಷ್ಟು, ಗೆದ್ದಲಿನಿಂದ ಕಾಯುವುದು ಅಲ್ಲಿನವರಿಗೆ ವರ್ಷ ವರ್ಷದ ಕೆಲಸ.