ಬೇಲಿಯೇ ಹೊಲ ಮೇಯ್ದಾಗ

ನಮ್ಮ ಕೊಡಿಗೇನಹಳ್ಳಿ ಕಡೆ ಹಲ್ಲು ಉದುರಿದರೆ ಎರಡೇ ಕಾರಣ ಹೇಳ್ತಾರೆ: ವಯಸ್ಸಾಯ್ತು, ಇಲ್ಲಾ ಸರಿಯಾಗಿ ಉಜ್ಜಲಿಲ್ಲ. ಆದರೆ ದಿನಾ ಬೇವಿನ ಕಡ್ಡಿ ಅಗಿದವರ ಹಲ್ಲೂ ಅಲ್ಲಾಡೋದನ್ನ, ಬರೀ ಬಾಯಿ ಮುಕ್ಕಳಿಸಿದವರು ಎಪ್ಪತ್ತರಲ್ಲೂ ಕಡಲೆಕಾಯಿ ಕಡಿಯೋದನ್ನ ನಾನು ಕಂಡಿದ್ದೇನೆ. ಯಾಕೆ ಹೀಗೆ?

1965ರಲ್ಲಿ ಡೆನ್ಮಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತರಾದ 12 ಜನ ಹಲ್ಲುಜ್ಜೋದು ನಿಲ್ಲಿಸಿದರು. ಸುಮಾರು ಮೂರು ವಾರದಲ್ಲಿ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಿದಾಗ ಸರಿಹೋಯ್ತು. ಹಲ್ಲಿಗಂಟಿದ ಬ್ಯಾಕ್ಟೀರಿಯಾ ಪದರವೇ ಅಪರಾಧಿ ಅಂತಾಯ್ತು.

ಕತೆ ಅಲ್ಲಿಗೆ ಮುಗೀಲಿಲ್ಲ. ಅದೇ ಲೋ 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟದ 480 ಕೂಲಿಕಾರ್ಮಿಕರ ಬಾಯಿ ಪರೀಕ್ಷಿಸುತ್ತಾ ಹೋದರು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರ ಆರೈಕೆಯೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಕೊಳೆ, ಎಲ್ಲರ ವಸಡಿನಲ್ಲೂ ಉರಿಯೂತ. ಆದರೂ ಶೇ. 8ರಷ್ಟು ಜನರಲ್ಲಿ ರೋಗ ವೇಗವಾಗಿ ಹೆಚ್ಚಿತು, ಶೇ. 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿ, ಶೇ. 11ರಷ್ಟು ಜನರಲ್ಲಿ ಉರಿಯೂತ ದಾಟಿ ಮುಂದಕ್ಕೇ ಹೋಗಲಿಲ್ಲ. ಕೊಳೆ ಒಂದೇ, ಮೈ ಬೇರೆ.

ಮೈಯೊಳಗೆ ನಡೆಯೋದನ್ನ 1976ರಲ್ಲಿ ಪೇಜ್ ಮತ್ತು ಶ್ರೋಡರ್ ಹಂತಹಂತವಾಗಿ ವಿವರಿಸಿದರು. ಮೊದಲು ಓಡಿಬರೋದು ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣ. ಕೊಳೆ ಹೋಗದಿದ್ದರೆ ಟಿ ಕಣಗಳು, ಆಮೇಲೆ ಬಿ ಕಣಗಳು ಮತ್ತು ಅವುಗಳಿಂದ ಹುಟ್ಟಿದ ಪ್ಲಾಸ್ಮಾ ಕಣಗಳು ಜಮಾಯಿಸುತ್ತವೆ. ಈ ಟಿ, ಬಿ ಕಣಗಳೇ ಮೂಳೆ ಕರಗಿಸುವ ಕಣಗಳನ್ನು ಎಬ್ಬಿಸುತ್ತವೆ ಅಂತ ಮುಂದೆ ತಿಳಿಯಿತು. ಹಲ್ಲು ಹಿಡಿದಿರುವ ಮೂಳೆಯನ್ನು ಸವೆಸೋದು ಬರೀ ಬ್ಯಾಕ್ಟೀರಿಯಾ ಅಲ್ಲ, ನಮ್ಮ ಕಾವಲು ಪಡೆಯೂ ಹೌದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಾಗಂತ ಬೇಲಿ ಕಿತ್ತುಹಾಕೋ ಹಾಗಿಲ್ಲ. ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬರಲಾಗದ ಒಂದು ಅಪರೂಪದ ಕಾಯಿಲೆ ಇದೆ. ಅದಿರುವ ಮಕ್ಕಳ ಹಲ್ಲು ಬಹಳ ಬೇಗ ಬೀಳುತ್ತವೆ. ಕಾವಲು ಕಮ್ಮಿಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಸಕ್ಕರೆ ಕಾಯಿಲೆ ಮತ್ತು ತಂಬಾಕು ಈ ಸಮತೋಲ ಕೆಡಿಸುತ್ತವೆ. ಸಿಗರೇಟು ಸೇದುವವರಲ್ಲಿ ರಕ್ತ ಬರೋದು ಕಮ್ಮಿಯಾಗಿ, ರೋಗ ಕಾಣದೇ ಬೆಳೆಯುತ್ತೆ. ಬ್ರಷ್ ಮಾಡುವಾಗ ರಕ್ತ ಬಂದರೆ ಉಜ್ಜೋದು ಬಿಡಬೇಡಿ, ವೈದ್ಯರಿಗೆ ತೋರಿಸಿ. ಕರಗಿದ ಮೂಳೆ ತಾನಾಗಿ ವಾಪಸ್ ಬರಲ್ಲ. ಊರಲ್ಲಿ ಬೊಚ್ಚುಬಾಯಿ ಅಜ್ಜನನ್ನ ಕಂಡರೆ, ಪಾಪ, ಸೋಮಾರಿ ಅನ್ನಬೇಡಿ.