ಲೈಂಗಿಕ ಪರಾಕಾಷ್ಠೆ: ಊಹೆಯಿಂದ ಅಳತೆಯವರೆಗೆ

ಸಂಭೋಗದ ಪರಾಕಾಷ್ಠೆಯಲ್ಲಿ ದೇಹದೊಳಗೆ ನಡೆಯುವುದೇನು ಎಂಬುದು ಹಳೆಯ ಪ್ರಶ್ನೆ. ಹೆಣ್ಣಿಗೆ ಗಂಡಿನಂಥದೇ ತೃಪ್ತಿ ಉಂಟೇ ಎಂಬ ವಾದ ಕಾಮಸೂತ್ರದಲ್ಲೇ ಇದೆ. ಹಿಂದಿನ ಆಚಾರ್ಯ ಔದ್ದಾಲಕಿಯ ಪ್ರಕಾರ ಇಲ್ಲ; ಇನ್ನೊಬ್ಬ ಆಚಾರ್ಯ ಬಾಭ್ರವ್ಯನ ಅನುಯಾಯಿಗಳ ಪ್ರಕಾರ ಅವಳ ಸುಖ ಮೊದಲಿನಿಂದ ಕೊನೆಯವರೆಗೂ ನಿರಂತರ. ಗ್ರಂಥಕರ್ತ ವಾತ್ಸ್ಯಾಯನ ಗಂಡು ಹೆಣ್ಣು ಇಬ್ಬರ ಸುಖವೂ ಒಂದೇ ಬಗೆಯದೆಂದು ತೀರ್ಮಾನಿಸುತ್ತಾನೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಗೆ ಹೆಚ್ಚು ಹಾನಿ ಮಾಡಿದ ಉತ್ತರ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್‌ನದು. ಬಾಲ್ಯ ದಾಟಿದ ಹೆಣ್ಣಿನಲ್ಲಿ ಸುಖದ ನೆಲೆ ಭಗಾಂಕುರದಿಂದ ಯೋನಿಗೆ ವರ್ಗವಾಗಬೇಕು ಎಂದು ಅವನು 1905ರಲ್ಲಿ ಬರೆದ. ಇದಕ್ಕೆ ಅಂಗರಚನೆಯ ಆಧಾರವಿರಲಿಲ್ಲ. ಭಗಾಂಕುರದ ಒಳರಚನೆಯನ್ನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಕೋಬೆಲ್ಟ್ 1844ರಲ್ಲೇ ವಿವರವಾಗಿ ಚಿತ್ರಿಸಿದ್ದ. ಆದರೂ ಫ್ರಾಯ್ಡ್‌ನ ಮಾತೇ ನಿಂತಿತು. ತಮ್ಮ ಅನುಭವ ಅದಕ್ಕೆ ಹೊಂದದ ಎಷ್ಟೋ ಹೆಂಗಸರು ಅಪಕ್ವರು, ಸುಖಕ್ಕೆ ಅಸಮರ್ಥರು ಎಂಬ ಹಣೆಪಟ್ಟಿ ಹೊರಬೇಕಾಯಿತು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ತ್ರೀರೋಗತಜ್ಞ ವಿಲಿಯಂ ಮಾಸ್ಟರ್ಸ್ 1957ರಲ್ಲಿ ಊಹೆ ಬಿಟ್ಟು ದೇಹದ ಪ್ರತಿಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವ ತಮ್ಮ ಸಂಶೋಧನೆಗೆ ವರ್ಜೀನಿಯಾ ಜಾನ್ಸನ್ ಅವರನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಜಾನ್ಸನ್‌ಗೆ ಪದವಿ ಇರಲಿಲ್ಲ. ಆದರೆ ಸ್ವಯಂಸೇವಕಿಯರು ಅಳುಕಿಲ್ಲದೆ ಪ್ರಯೋಗಾಲಯಕ್ಕೆ ಬರುವಂತಾದದ್ದರಲ್ಲಿ ಅವರ ಪಾತ್ರ ದೊಡ್ಡದು, ಈ ಸಂಶೋಧನೆಯ ಅರ್ಧ ಶ್ರೇಯ ಅವರಿಗೇ ಸಲ್ಲಬೇಕು. 382 ಹೆಂಗಸರು ಮತ್ತು 312 ಗಂಡಸರ ಮೇಲೆ ನಡೆಸಿದ ಅವಲೋಕನ 1966ರಲ್ಲಿ ಪುಸ್ತಕವಾಗಿ ಬಂತು.

ಅವರು ಕಂಡದ್ದು ಮುಖ್ಯವಾಗಿ ಎರಡು ಕ್ರಿಯೆ: ಅಂಗಗಳಲ್ಲಿ ರಕ್ತ ತುಂಬಿಕೊಳ್ಳುವುದು, ಸ್ನಾಯುಗಳು ಬಿಗಿಯುವುದು. ಉದ್ರೇಕ ಏರಿದಂತೆ ಕೆಲವರಲ್ಲಿ ಹೊಟ್ಟೆಯ ಮೇಲ್ಭಾಗದಿಂದ ಎದೆಗೆ ಕೆಂಪು ಹರಡುತ್ತದೆ, ಕಾಲ್ಬೆರಳುಗಳು ಸೆಟೆದು ಮಡಚಿಕೊಳ್ಳುತ್ತವೆ. ಯೋನಿಯ ತೇವ ಯಾವುದೋ ಗ್ರಂಥಿಯಿಂದ ಬರುತ್ತದೆಂಬ ನಂಬಿಕೆಯಿತ್ತು. ಅದು ಯೋನಿಯ ಗೋಡೆಯ ಮೇಲೇ ಹನಿಹನಿಯಾಗಿ ಜಿನುಗುವುದನ್ನು ಅವರು ಕ್ಯಾಮೆರಾದಲ್ಲಿ ಹಿಡಿದರು. ಪರಾಕಾಷ್ಠೆಯ ಹೊತ್ತಿಗೆ ಹೃದಯದ ಬಡಿತ ನಿಮಿಷಕ್ಕೆ 110ರಿಂದ 180ರವರೆಗೆ, ಉಸಿರಾಟ 40ರವರೆಗೆ ಏರುತ್ತದೆ. ವಸ್ತಿಕುಹರದ ಸ್ನಾಯುಗಳು ತಾಳಬದ್ಧವಾಗಿ ಸಂಕುಚಿಸುತ್ತವೆ, ಮೊದಮೊದಲು 0.8 ಸೆಕೆಂಡಿಗೊಮ್ಮೆ, ಆಮೇಲೆ ನಿಧಾನವಾಗಿ. ಈ ಅಂತರ ಹೆಣ್ಣಿಗೂ ಗಂಡಿಗೂ ಒಂದೇ. ಪ್ರಚೋದನೆ ಎಲ್ಲಿಂದಲೇ ಬರಲಿ, ದೇಹದ ಪ್ರತಿಕ್ರಿಯೆ ಬೇರೆಯಾಗುವುದಿಲ್ಲ ಎಂದು ಅವರು ತೋರಿಸಿದ್ದರಿಂದ ಫ್ರಾಯ್ಡ್‌ನ ವಿಂಗಡಣೆ ಬಿದ್ದುಹೋಯಿತು.

ಈ ಅಧ್ಯಯನಕ್ಕೂ ಮಿತಿಗಳಿದ್ದವು. ಪರಾಕಾಷ್ಠೆಯ ಅನುಭವ ಮೊದಲೇ ಇದ್ದವರನ್ನೇ ಆರಿಸಿಕೊಂಡಿದ್ದರಿಂದ, ಸುಖ ಸಿಗದವರ ದೇಹದ ಕತೆ ಆ ದಾಖಲೆಯಲ್ಲಿ ಬರಲೇ ಇಲ್ಲ. ಮೆದುಳಿನ ಯಾವ ಭಾಗ ಚುರುಕಾಗುತ್ತದೆಂದು ಚಿತ್ರವಾಗಿ ತೋರಿಸುವ ಸ್ಕ್ಯಾನ್ ಕೂಡ ಆಗ ಇರಲಿಲ್ಲ. ಪರಾಕಾಷ್ಠೆಯ ಹೊತ್ತಿಗೆ ರಕ್ತದಲ್ಲಿ ಆಕ್ಸಿಟೋಸಿನ್ ಹಾರ್ಮೋನು, ಅದರ ಬೆನ್ನಿಗೇ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವುದು ಮುಂದಿನ ದಶಕಗಳಲ್ಲಿ ಗೊತ್ತಾಯಿತು.

ಸುಖದ ಸಂವೇದನೆ ಮೆದುಳು ತಲುಪುವ ದಾರಿಯ ಬಗೆಗೂ ತಪ್ಪು ನಂಬಿಕೆಯಿತ್ತು. ಬೆನ್ನುಹುರಿ ಪೂರ್ತಿ ತುಂಡಾದವರಿಗೆ ಕೆಳಭಾಗದ ಸಂವೇದನೆ ಸಾಧ್ಯವೇ ಇಲ್ಲವೆಂದು ವೈದ್ಯಕೀಯ ಪಠ್ಯಗಳು ಹೇಳುತ್ತಿದ್ದವು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಬ್ಯಾರಿ ಕೊಮಿಸರುಕ್ ಮತ್ತು ಬೆವರ್ಲಿ ವಿಪಲ್ ಅಂಥ ಹೆಂಗಸರನ್ನೇ ಪರೀಕ್ಷಿಸಿದಾಗ ಅವರಲ್ಲಿ ಕೆಲವರು ಪರಾಕಾಷ್ಠೆ ತಲುಪಿದರು. ಬೆನ್ನುಹುರಿಯನ್ನು ಮುಟ್ಟದೆ, ಹೊಟ್ಟೆ ಮತ್ತು ಎದೆಯ ಮೂಲಕ ನೇರ ಮೆದುಳಿನ ಬುಡ ಸೇರುವ ವೇಗಸ್ ನರ ಆ ಸಂವೇದನೆಯನ್ನು ಒಯ್ಯುತ್ತಿತ್ತು. ಆ ನರ ಕೊನೆಗೊಳ್ಳುವ ಭಾಗ ಚುರುಕಾದದ್ದು 2004ರಲ್ಲಿ ಪ್ರಕಟವಾದ ಆ ಹೆಂಗಸರ ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಾಣಿಸಿತು. ತಮಗೆ ಸುಖದ ಅನುಭವ ಆಗುತ್ತದೆ ಎಂದು ಹೇಳಿಯೂ ಭ್ರಮೆ ಎನ್ನಿಸಿಕೊಂಡಿದ್ದ ಆ ಹೆಂಗಸರ ಮಾತು ನಿಜವಾಗಿತ್ತು.