ಮಹಾವೀರಾಚಾರ್ಯನ ಒಂಟೆಗಳು

ಒಂಟೆಗಳ ಹಿಂಡೊಂದರಲ್ಲಿ ಕಾಲು ಭಾಗ ಕಾಡಿನಲ್ಲಿ ಕಂಡಿತು. ಒಟ್ಟು ಸಂಖ್ಯೆಯ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಉಳಿದ ಹದಿನೈದು ನದಿಯ ದಡದಲ್ಲಿದ್ದವು. ಹಿಂಡಿನಲ್ಲಿದ್ದ ಒಂಟೆಗಳೆಷ್ಟು?

ಇದು ಯಾವುದೋ ಪ್ರವೇಶ ಪರೀಕ್ಷೆಯ ಪ್ರಶ್ನೆಯಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಒಂದು ಲೆಕ್ಕದ ಸಾರ. ಈತ ತೀರ್ಥಂಕರ ಮಹಾವೀರನಲ್ಲ; ಅವನಿಗಿಂತ ಎಷ್ಟೋ ಶತಮಾನಗಳ ಅನಂತರದ ಜೈನ ಗಣಿತಜ್ಞ. ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷನನ್ನು ಹೊಗಳಿದ್ದಾನೆ. ‘ಕವಿರಾಜಮಾರ್ಗ’ದಿಂದ ನಮಗೆ ಪರಿಚಿತನಾದ ನೃಪತುಂಗನೇ ಈ ಅಮೋಘವರ್ಷ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅವನ ರಾಜಧಾನಿಯಾಗಿತ್ತು.

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ಅದರ ವರ್ಗ. ಮಗ್ಗಿಯಲ್ಲಿ ‘ಆರಾರ್ಲಿ ಮೂವತ್ತಾರು’ ಎಂದಾಗ 36 ವರ್ಗ, 6 ಅದರ ಮೂಲ. ಹೀಗೆ ಪೂರ್ಣಾಂಕವೇ ಮೂಲವಾಗಿ ದೊರೆಯುವ 1, 4, 9, 16, 25, 36 ಮೊದಲಾದವು ಪೂರ್ಣವರ್ಗಗಳು.

ಒಂಟೆಗಳ ಲೆಕ್ಕದ ಉತ್ತರವೂ ಪೂರ್ಣವರ್ಗವೇ ಆಗಬೇಕು. ಇಲ್ಲದಿದ್ದರೆ ಒಂಟೆಯ ಒಂದು ತುಂಡನ್ನು ಬೆಟ್ಟಕ್ಕೆ ಅಟ್ಟಬೇಕಾದೀತು! ಜೊತೆಗೆ ಕಾಲು ಭಾಗ ಮಾಡಬೇಕಾದ್ದರಿಂದ ಅದು ನಾಲ್ಕರಿಂದ ಭಾಗವಾಗಬೇಕು. 4 ಸಾಲದು, ದಡದಲ್ಲೇ ಹದಿನೈದಿವೆ. 16 ಹಾಕಿದರೆ 4, 8, 15 ಸೇರಿ 27 ಆಗುತ್ತದೆ, ತಾಳೆಯಾಗದು. 36 ಹಾಕಿ ನೋಡಿ: 9, 12, 15. ಸರಿಯಾಗಿ 36.

ದೊಡ್ಡ ಸಂಖ್ಯೆಗಳಿಗೆ ಹೀಗೆ ಊಹಿಸುತ್ತಾ ಕೂರಲಾಗದು. ಅಂಕಿಗಳನ್ನು ಬಲದಿಂದ ಎರಡೆರಡಾಗಿ ವಿಂಗಡಿಸಿ ಮೂಲ ತೆಗೆಯುವ ವಿಧಾನವನ್ನು ಆರ್ಯಭಟ 499ರಷ್ಟು ಹಿಂದೆಯೇ ಒಂದು ಶ್ಲೋಕದಲ್ಲಿ ಅಡಗಿಸಿದ್ದ. ಶಾಲೆಯಲ್ಲಿ ನಾವು ಕಲಿತದ್ದೂ ಹೆಚ್ಚುಕಡಿಮೆ ಅದೇ.

ಮಹಾವೀರನ ಹೆಗ್ಗಳಿಕೆ ಬೇರೆ ಕಡೆ ಇದೆ. ಧನ ಸಂಖ್ಯೆಯ ವರ್ಗವೂ ಧನ, ಋಣ ಸಂಖ್ಯೆಯ ವರ್ಗವೂ ಧನ. 6ನ್ನು ಗುಣಿಸಿದರೂ, ಋಣ 6ನ್ನು ಗುಣಿಸಿದರೂ ಬರುವುದು 36. ಹಾಗಾದರೆ ಋಣ 36ರ ಮೂಲ ಯಾವುದು? ಋಣ ಸಂಖ್ಯೆ ಸ್ವಭಾವತಃ ವರ್ಗವೇ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಆತ ಕಾರಣಸಹಿತ ಬರೆದಿಟ್ಟ. ಮೂರು ಶತಮಾನಗಳ ನಂತರ ಭಾಸ್ಕರಾಚಾರ್ಯನೂ ‘ಬೀಜಗಣಿತ’ದಲ್ಲಿ ಇದನ್ನೇ ಹೇಳಿದ.

ಈ ಬೇಲಿ ಹಾರಿದವರು ಇಟಲಿಯವರು. ಹತ್ತನ್ನು ಎರಡು ಭಾಗ ಮಾಡಿ, ಅವುಗಳ ಗುಣಲಬ್ಧ 40 ಬರಬೇಕೆಂಬ ಲೆಕ್ಕವನ್ನು 1545ರಲ್ಲಿ ಕಾರ್ಡಾನೊ ಬಿಡಿಸಹೊರಟಾಗ ಋಣ 15ರ ವರ್ಗಮೂಲ ಎದುರಾಯಿತು. ಲೆಕ್ಕವೇನೋ ಕೂಡಿಬಂತು, ಆದರೆ ಇದರಿಂದ ಉಪಯೋಗವಿಲ್ಲವೆಂದು ಅವನೇ ಷರಾ ಬರೆದ. 1572ರಲ್ಲಿ ಬೊಂಬೆಲ್ಲಿ ಅಂಥ ಸಂಖ್ಯೆಗಳಿಗೆ ನಿಯಮ ರೂಪಿಸಿದ. ಇಂದು ನಮ್ಮ ಮನೆಗೆ ಬರುವ ಎ.ಸಿ. ವಿದ್ಯುತ್ತಿನ ಲೆಕ್ಕಾಚಾರದಲ್ಲೂ ಎಂಜಿನಿಯರುಗಳು ಅವನ್ನು ಬಳಸುತ್ತಾರೆ.

ಹಾಗೆಂದು ಮಹಾವೀರ ತಪ್ಪಿದನೆನ್ನುವುದು ನ್ಯಾಯವಲ್ಲ. ಆತನಿಗೆ ತಿಳಿದಿದ್ದ ಸಂಖ್ಯೆಗಳ ಮಿತಿಯಲ್ಲಿ ಆ ಮಾತು ಈಗಲೂ ಅಲುಗಿಲ್ಲ. ಹತ್ತನೇ ತರಗತಿಯ ವರ್ಗಸಮೀಕರಣದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಋಣ ಸಂಖ್ಯೆ ಬಂದರೆ, ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದ ವಿದ್ಯಾರ್ಥಿಗೆ ಮೇಷ್ಟ್ರು ಇಂದಿಗೂ ಅಂಕ ಕೊಡುತ್ತಾರೆ.